ಮಜ್ಜಿಗೆ ಕಾಯಿಸುವವರಿಗೆ ಕೆಲವು ಸುರಕ್ಷತಾ ಸೂಚನೆಗಳು

ಸಿರುಗುಪ್ಪದ ರೈಸ್ ಮಿಲ್ಲೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ಅಷ್ಟು ವರ್ಷದಲ್ಲಿ ನನ್ನ ಬಾಯ್ಲರ್ ಒಮ್ಮೆಯೂ ಸಿಡಿಯಲಿಲ್ಲ. ಸಿಡಿದದ್ದು ಮಾಲೀಕರು, ಅದೂ ನಾನು ಸಂಬಳ ಹೆಚ್ಚಿಸಿರಿ ಎಂದು ಕೇಳಿದ ಎರಡು ಸಲ ಮಾತ್ರ. ಆವಿ, ಒತ್ತಡ, ಕೊಳವೆ, ತಣಿಸುವ ನೀರು ಈ ನಾಲ್ಕರ ಬಗ್ಗೆ ಯಾರು ಏನು ಕೇಳಿದರೂ ಉತ್ತರ ಕೊಡುವಷ್ಟು ಅನುಭವ ನನಗಿದೆ. ಮೇಲಾಗಿ ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಹೀಗಾಗಿ ಮನೆಯಲ್ಲಿ ಭಟ್ಟಿ ಇಳಿಸುವ ವಿಷಯದಲ್ಲಿ ರಾಗದ್ವೇಷವಿಲ್ಲದೆ ಮಾತಾಡಬಲ್ಲ ತಜ್ಞ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ತಾಲ್ಲೂಕು ಸೇರಿ ನಾನೊಬ್ಬನೇ ಎಂದು ಕುರುಗೋಡಿನ ನಮ್ಮ ಬಾಮೈದ ಹೇಳುತ್ತಾನೆ. ಬಾಮೈದನ ಮಾತನ್ನು ನಾನು ನಂಬುವುದು ಕಡಿಮೆ. ಇದೊಂದನ್ನು ನಂಬಿದ್ದೇನೆ.

ಮೊದಲು ಪರಿಭಾಷೆ. ಭಟ್ಟಿ, ಸಾರಾಯಿ, ಕಂಟ್ರಿ ಎಂಬ ಮಾತುಗಳನ್ನು ಫೋನಿನಲ್ಲಿ ಆಡಬಾರದು ಎಂಬುದು ಬಾಮೈದನ ಮೊದಲ ಮುನ್ನೆಚ್ಚರಿಕೆ. ಬದಲಿಗೆ ಅವನು "ಮಜ್ಜಿಗಿ ಕಾಸೋದು" ಎನ್ನುತ್ತಾನೆ. "ಮಾವಾ, ಈ ಐತವಾರ ಮಜ್ಜಿಗಿ ಕಾಸಾಕತ್ತೀವಿ, ನೀವು ಬಂದು ಒಂದ್ಸಾರಿ ಕಣ್ಣು ಹಾಯ್ಸಿ ಹೋಗ್ರಿ." ಮಜ್ಜಿಗೆಯನ್ನು ಸುಮ್ಮನೆ ಒಲೆಯ ಮೇಲಿಟ್ಟರೆ ಒಡೆದುಹೋಗುತ್ತದೆ ಎಂದು ಗೊತ್ತಿಲ್ಲದ ಹೆಂಗಸು ಈ ಸೀಮೆಯಲ್ಲಿಲ್ಲ. ಈ ಗುಪ್ತಪದವನ್ನು ಕಂಡುಹಿಡಿದವರು ಅಡುಗೆಮನೆಗೆ ಕಾಲಿಟ್ಟವರಲ್ಲ ಎಂಬುದು ಅದನ್ನು ಕೇಳಿದ ತಕ್ಷಣ ತಿಳಿಯುತ್ತದೆ. ಆದರೂ ಇಲಾಖಾ ಶಿಸ್ತಿನ ದೃಷ್ಟಿಯಿಂದ ಈ ಬರಹದಲ್ಲಿ ನಾನೂ ಅದನ್ನೇ ಉಳಿಸಿಕೊಂಡಿದ್ದೇನೆ.

ಮಜ್ಜಿಗೆಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಕುರುಗೋಡು ಒಂದು ಕಾಲಕ್ಕೆ ಸಿಂದರ ರಾಜಧಾನಿ. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮದ್ಯಪಾನ ರಾಜರ ವಿನೋದಗಳ ಸಾಲಿಗೆ ಸೇರಿದೆ. ಬಾಮೈದ ಇದನ್ನು ಎಲ್ಲಿಂದಲೋ ಕೇಳಿಕೊಂಡು ಬಂದು, "ನಾವು ಮಾಡೋದು ಸಂಸ್ಕೃತಿ ಉಳಿಸೋ ಕೆಲಸ" ಎಂದು ವಾದಿಸುತ್ತಾನೆ. ರಾಜನಿಗೆ ಸೈನ್ಯವಿತ್ತು, ವೈದ್ಯರಿದ್ದರು, ಕುಡಿದು ಬಿದ್ದರೆ ಎತ್ತಿ ಮಲಗಿಸುವ ಆಳುಗಳಿದ್ದರು. ಬಾಮೈದನಿಗೆ ಇರುವುದು ಒಂದು ಟಿವಿಎಸ್ ಎಕ್ಸ್‌ಎಲ್.

ಇನ್ನು ಹತ್ತಿರದ ಚರಿತ್ರೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಕೆಳಗಿತ್ತು. ಆ ಮದ್ರಾಸು 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಪಾನನಿರೋಧ ತಂದಿತ್ತು. ಅಂದರೆ ಗಾಂಧಿ ಜಯಂತಿಗೆ ವರ್ಷಕ್ಕೊಂದು ದಿನ ಅಂಗಡಿ ಮುಚ್ಚುವುದನ್ನೇ ಕಷ್ಟ ಎನ್ನುವ ಈಗಿನವರ ತಾತಂದಿರು ವರ್ಷಗಟ್ಟಲೆ ಅಕ್ಟೋಬರ್ 2 ಆಚರಿಸಿದ್ದಾರೆ. ಹಾಗಂತ ಹೇಳುತ್ತಾರೆ. ಆಗ ಬಳ್ಳಾರಿ ಸೀಮೆಯಲ್ಲಿ ಎಷ್ಟು ಮನೆಗಳಲ್ಲಿ ಮಜ್ಜಿಗೆ ಕಾಯುತ್ತಿತ್ತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ಲೆಕ್ಕ ಸಿಗದಿರುವುದೇ ಆ ಕಾಲದವರ ಸುರಕ್ಷತಾ ಪ್ರಜ್ಞೆಗೆ ಸಾಕ್ಷಿ. ಆಮೇಲೆ ಸರ್ಕಾರವೇ ಸಾರಾಯಿ ಮಾರಿತು, ಪಾಕೀಟಿನಲ್ಲಿ ಮಾರಿತು, 2007ರ ಜುಲೈ 1ರಂದು ನಿಲ್ಲಿಸಿತು. ಪಾಕೀಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿಯುವ ಕಲೆ ಅಲ್ಲಿಗೆ ನಶಿಸಿತು. ಈಗ ಆ ಹಲ್ಲುಗಳಿಂದ ಶಾಂಪೂ ಪಾಕೀಟು ಹರಿಯುತ್ತಾರೆ.

ಕಾನೂನಿನ ಬಗ್ಗೆ ಒಂದೆರಡು ಮಾತು. ನಾನು ಬಾಯ್ಲರಿನವನು, 2025ರವರೆಗೆ ನಮ್ಮ ವೇದ 1923ರ ಬಾಯ್ಲರ್ ಕಾಯ್ದೆಯಾಗಿತ್ತು. ಅದರ ತಿದ್ದುಪಡಿಯಾದ ರೂಪದ ಪ್ರಕಾರವೂ, ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯ ಪ್ರಕಾರವೂ 25 ಲೀಟರಿಗಿಂತ ಚಿಕ್ಕ ಪಾತ್ರೆ ಬಾಯ್ಲರ್ ಎನಿಸಿಕೊಳ್ಳುವುದಿಲ್ಲ. ಬಾಮೈದನ ಹೆಂಡತಿ ತವರಿನಿಂದ ತಂದ ಕುಕ್ಕರು ಏಳೂವರೆ ಲೀಟರಿನದು. ಆದ್ದರಿಂದ ಅದನ್ನು ತಪಾಸಣೆ ಮಾಡಲು ಬಾಯ್ಲರ್ ಇನ್‌ಸ್ಪೆಕ್ಟರು ಬರುವಂತಿಲ್ಲ ಎಂದು ಅಭಿಪ್ರಾಯ ಕೊಟ್ಟೆ. ಅವನಿಗೆ ಬಹಳ ಸಮಾಧಾನವಾಯಿತು. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಲೀಟರಿನ ರಿಯಾಯಿತಿ ಇಲ್ಲ. ಅದರ 13ನೇ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಇಳಿಸುವುದು ಹಾಗಿರಲಿ, ಇಳಿಸುವುದಕ್ಕೆಂದು ಪಾತ್ರೆ ಪರಡಿ ಇಟ್ಟುಕೊಳ್ಳುವುದೂ ತಪ್ಪು. ಶಿಕ್ಷೆಗೆ 32ನೇ ಕಲಮು. "ಮನೀಗೆ ಒಂದು ಬಾಟ್ಲಿ, ಮಾರಾಕಲ್ಲ" ಎಂಬ ವಾದಕ್ಕೂ ಅಲ್ಲಿ ಜಾಗವಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಸೆರೆ ಎಂದರೆ ಕುಡಿಯುವುದು, ಸೆರೆಮನೆ ಎಂದರೆ ಕೂಡುವುದು. ಮನೆಯಲ್ಲಿ ಸೆರೆ ಮಾಡಿದವನು ಎರಡನ್ನೂ ಸೇರಿಸಿದಂತೆ. ಬಳ್ಳಾರಿಯಲ್ಲಿ ಕೇಂದ್ರ ಕಾರಾಗೃಹವೇ ಇರುವುದರಿಂದ ಸಾಗಾಣಿಕೆ ವೆಚ್ಚ ಕಡಿಮೆ.

ಈಗ ಮುಖ್ಯ ವಿಷಯವಾದ ವಾಸನೆಗೆ ಬರೋಣ. ಮಜ್ಜಿಗೆ ಕಾಯಿಸುವವರನ್ನು "ನಿಮಗೆ ಯಾವುದರ ಭಯ?" ಎಂದು ಕೇಳಿ ನೋಡಿ. ಬೆಂಕಿ ಎನ್ನುವುದಿಲ್ಲ, ವಿಷ ಎನ್ನುವುದಿಲ್ಲ. ಪಕ್ಕದ ಮನೆಯವರ ಮೂಗು ಎನ್ನುತ್ತಾರೆ. ಹೀಗಾಗಿ ಈ ಕ್ಷೇತ್ರದ ನೂರಕ್ಕೆ ತೊಂಬತ್ತು ಮುನ್ನೆಚ್ಚರಿಕೆಗಳು ಮೂಗಿನ ಸುತ್ತಲೇ ಬೆಳೆದಿವೆ. ನಾನು ಬಿಸಿಲಲ್ಲಿ ತಿರುಗಿ, ಮೂಸಿ, ನಮ್ಮ ಸೀಮೆಯನ್ನು ಮೂರು ಘ್ರಾಣವಲಯಗಳಾಗಿ ವಿಂಗಡಿಸಿದ್ದೇನೆ. ಈ ಕೆಲಸವನ್ನು ಹಿಂದೆ ಯಾರೂ ಮಾಡಿದಂತೆ ಕಾಣುವುದಿಲ್ಲ.

ಮೊದಲನೆಯದು ಸಿರುಗುಪ್ಪ ವಲಯ. ತುಂಗಭದ್ರೆಯ ನೀರು, ಎತ್ತ ನೋಡಿದರೂ ಭತ್ತ, ಊರ ಸುತ್ತ ಮಿಲ್ಲುಗಳು. ಬಾಯಿಲ್ಡ್ ರೈಸ್ ಮಾಡುವವರು ಭತ್ತವನ್ನು ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಒಂದು ರಾತ್ರಿ ಕಳೆದರೆ ಆ ನೀರಿನಿಂದ ಹುಳಿ ವಾಸನೆ ಏಳುತ್ತದೆ. ಗಾಳಿ ಬೀಸಿದ ದಿಕ್ಕಿನ ಓಣಿಗಳೆಲ್ಲ ಹುದುಗು ಬಂದ ಹಾಗೆ ನಾರುತ್ತವೆ. ಇಪ್ಪತ್ತೊಂಬತ್ತು ವರ್ಷ ನಾನು ಮನೆಗೆ ಬಂದಾಗಲೆಲ್ಲ ನನ್ನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಒಮ್ಮೆ ಮೂಸಿಯೇ ಒಳಗೆ ಬಿಡುತ್ತಿದ್ದಳು. ನಾನು ಕುಡಿದಿಲ್ಲ ಎಂದು ಅವಳಿಗೆ ನಂಬಿಕೆ ಬಂದದ್ದು ರಿಟೈರ್ ಆದ ಮೇಲೆ. ಹಾಗಾಗಿ ಮೂಗಿನ ದೃಷ್ಟಿಯಿಂದ ಸಿರುಗುಪ್ಪ ಅತ್ಯಂತ ಪ್ರಶಸ್ತ ವಲಯ. ಅಲ್ಲಿ ಅಪರಾಧಿ ಯಾರು, ಅಕ್ಕಿ ಯಾವುದು ಎಂದು ಹೇಳಲು ಬರುವುದಿಲ್ಲ.

ಎರಡನೆಯದು ಕುರುಗೋಡು ವಲಯ. ಇಲ್ಲಿ ವಾಸನೆಗೆ ಮರೆ ಮೆಣಸಿನಕಾಯಿ. ಕಣದಲ್ಲಿ ಕೆಂಪಗೆ ಹರವಿದ ಸುಗ್ಗಿಯ ದಿನಗಳಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಘಾಟಿಗೆ ಮೂಗು ಕಟ್ಟಿದವನು ಏನು ತಾನೇ ಮೂಸಿಯಾನು? ಒಂದೇ ತೊಂದರೆ: ಕಾಯಿಸುವವನೂ ಕೆಮ್ಮುತ್ತಾನೆ. ರಾತ್ರಿ ಎರಡು ಗಂಟೆಗೆ ಬಚ್ಚಲಿನಿಂದ ನಾಲ್ಕು ಗಂಡಸರ ಕೆಮ್ಮು ಕೇಳಿಬಂದರೆ ಯಾರಿಗಾದರೂ ಅನುಮಾನ ಬರುತ್ತದೆ.

ಮೂರನೆಯದು ಬಳ್ಳಾರಿ ನಗರ ವಲಯ. ಇಲ್ಲಿ ವಿಶೇಷ ಮುನ್ನೆಚ್ಚರಿಕೆ ಬೇಕಿಲ್ಲ. ಧೂಳಿಗೆ ಮೂಗು ಆಗಲೇ ಕೆಲಸ ಬಿಟ್ಟಿರುತ್ತದೆ. ಸಂಜೆಯಾಯಿತೆಂದರೆ ಒಂದೊಂದು ಸರ್ಕಲ್ಲಿನಲ್ಲೂ ಒಗ್ಗರಣೆ, ಮಿರ್ಚಿಯ ಬಂಡಿಗಳು. ಕಾದ ಎಣ್ಣೆಯ ವಾಸನೆ ಕೌಲ್‌ಬಜಾರಿನಿಂದ ಕೋಟೆಯವರೆಗೂ ಹಬ್ಬಿರುತ್ತದೆ. ಬಾಕಿ ಏನಾದರೂ ಉಳಿದರೆ ಜೀನ್ಸ್ ವಾಷಿಂಗ್ ಘಟಕಗಳು ನೋಡಿಕೊಳ್ಳುತ್ತವೆ.

ಹೀಗೆ ಮೂಗಿನ ಸಮಸ್ಯೆ ಬಗೆಹರಿಯಿತು. ಉಳಿದದ್ದು ಜೀವದ ಸಮಸ್ಯೆ. ಅದನ್ನು ಬೇಗ ಮುಗಿಸಿ ಎಂದು ಬಾಮೈದ ಹೇಳಿದ್ದಾನೆ.

ಶುದ್ಧ ಸ್ಪಿರಿಟ್ಟಿನ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್. ಬಳ್ಳಾರಿಯಲ್ಲಿ 13 ಡಿಗ್ರಿ ಎಂದರೆ ಡಿಸೆಂಬರಿನ ಯಾವುದೋ ಒಂದು ರಾತ್ರಿ ಮೂರು ಗಂಟೆಗೆ ಬಂದು, ಯಾರಿಗೂ ಹೇಳದೆ ಹೋಗುವ ನೆಂಟ. ಮೇ ತಿಂಗಳಲ್ಲಿ ನಲವತ್ತು ದಾಟುತ್ತದೆ. ಅಂದರೆ ವರ್ಷಪೂರ್ತಿ ಹೊತ್ತಿಕೊಳ್ಳಲು ಹವಾಮಾನ ತಯಾರಿರುತ್ತದೆ. ಬೇಕಾದದ್ದು ಬೀಡಿ ಒಂದೇ. ಈ ಆವಿ ಗಾಳಿಗಿಂತ ಭಾರ, ಮೇಲೆ ಹಾರಿಹೋಗುವುದಿಲ್ಲ, ನೆಲದ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಅದೇ ನೆಲದ ಮೇಲೆ ಒಲೆಯೂ ಇರುತ್ತದೆ, ಕುಕ್ಕರುಗಾಲಲ್ಲಿ ಕೂತ ಬಾಮೈದನೂ ಇರುತ್ತಾನೆ, ಅವನ ಬಾಯಲ್ಲಿ ಬೀಡಿಯೂ ಇರುತ್ತದೆ. "ಬೀಡಿ ಆರಿಸೋ" ಎಂದೆ. "ಟೆನ್ಷನ್ ಆಗ್ತತಿ ಮಾವಾ" ಎಂದ. ಸುರಕ್ಷತೆಯ ಬಗ್ಗೆ ಟೆನ್ಷನ್ ಇರುವುದು ಒಳ್ಳೆಯ ಲಕ್ಷಣ ಎಂದು ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ಆವಿಯನ್ನು ಆವಿಯಾಗಿ ಬಿಡದೆ ಮತ್ತೆ ಹನಿ ಮಾಡಬೇಕಾದರೆ ತಣ್ಣೀರು ಬೇಕು, ಹರಿಯುತ್ತಲೇ ಇರಬೇಕು. ಅಬಕಾರಿ ಎಂಬ ಪಾರಸಿ ಪದದ ಮೊದಲ ತುಂಡು 'ಆಬ್'. ಆಬ್ ಎಂದರೆ ನೀರು. ಬಳ್ಳಾರಿಯಲ್ಲಿ ಇಲ್ಲದಿರುವುದೂ ಅದೇ. ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆ ಬಂದರೂ ಹಬ್ಬ ಎನ್ನುವ ಓಣಿಗಳಿವೆ. ಬೇಸಿಗೆಯಲ್ಲಿ ತೊಟ್ಟಿಯ ನೀರಿಗೆ ಕೈ ಇಟ್ಟರೆ ಸ್ನಾನಕ್ಕೆ ಹದವಾಗಿರುತ್ತದೆ. ಆ ನೀರಿನಲ್ಲಿ ಕೊಳವೆ ಮುಳುಗಿಸಿದರೆ ಆವಿ ತಣಿಯುವುದಿಲ್ಲ, ಸುಖವಾಗಿ ಆಚೆ ಬಂದು ಕೋಣೆ ತುಂಬುತ್ತದೆ. ಐಸ್ ಹಾಕಬಹುದಲ್ಲ ಎಂದು ಒಬ್ಬ ಕೇಳಿದ. ರಾತ್ರಿ ಹನ್ನೊಂದಕ್ಕೆ ಐಸ್ ಫ್ಯಾಕ್ಟರಿಯಿಂದ ಎರಡು ಗಡ್ಡೆ ಐಸ್ ಹೊತ್ತು ತರುವವನು ಮಜ್ಜಿಗೆ ಕಾಯಿಸುತ್ತಿದ್ದಾನೆ ಎಂದರೆ ಯಾರೂ ನಂಬುವುದಿಲ್ಲ.

ವಿಷದ ವಿಷಯ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗುತ್ತದೆ. ಕುಡಿಯುವ ಸ್ಪಿರಿಟ್ಟು ಎಥನಾಲ್, ಅದು ಕುದಿಯುವುದು 78 ಡಿಗ್ರಿಗೆ. ಕೊಲ್ಲುವುದು ಮೆಥನಾಲ್, ಅದು 65ಕ್ಕೇ ಕುದಿಯುತ್ತದೆ. ಇಷ್ಟನ್ನು ಯಾವುದೋ ವಿಡಿಯೋ ನೋಡಿ ತಿಳಿದುಕೊಂಡ ಬಾಮೈದ, "ಮೊದಲ ಬರೋ ಒಂದು ಲೋಟ ಚೆಲ್ಲಿದ್ರ ಮುಗೀತು, ಉಳಿದದ್ದೆಲ್ಲಾ ಅಮೃತ" ಎಂದು ಘೋಷಿಸಿದ್ದ. ಬೆರೆತ ದ್ರವಗಳು ಆಧಾರ್ ಕಾರ್ಡು ತೋರಿಸಿ ಸಾಲಾಗಿ ಬರುವುದಿಲ್ಲ. ನಿಜ ಹೇಳಬೇಕೆಂದರೆ ಬೆಲ್ಲದ ಕೊಳೆಯಲ್ಲಿ ಮೆಥನಾಲ್ ಹುಟ್ಟುವುದೇ ಅಲ್ಪ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತದ್ದು, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಆಚೆಯ ಕೃಷ್ಣಗಿರಿ ಸೀಮೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಸತ್ತದ್ದು ಕಾರ್ಖಾನೆಗೆ ಹೋಗಬೇಕಾದ ಮೆಥನಾಲನ್ನು ಯಾರೋ ತಂದು ಸುರಿದದ್ದರಿಂದ. "ಕಿಕ್" ಬರಲಿ ಎಂದೋ, ಕಾಸು ಉಳಿಯಲಿ ಎಂದೋ. ಅದರ ಲೆಕ್ಕ ಸರಳ: ಹತ್ತು ಮಿಲಿ ಕಣ್ಣಿಗೆ ಸಾಕಾಗಬಹುದು, ಮೂವತ್ತು ಮಿಲಿ ಪ್ರಾಣಕ್ಕೆ. ಮೂವತ್ತು ಮಿಲಿ ಎಂದರೆ ಬಾರಿನ ಭಾಷೆಯಲ್ಲಿ ಒಂದು ಸ್ಮಾಲ್. ಕುಡಿದ ತಕ್ಷಣ ಏನೂ ಆಗುವುದಿಲ್ಲ, ಅದೇ ಅದರ ಮರ್ಯಾದೆ. ಅರ್ಧ ದಿನ, ಒಂದು ದಿನ ಬಿಟ್ಟು, ದೇಹವೇ ಅದನ್ನು ಫಾರ್ಮಿಕ್ ಆಸಿಡ್ ಮಾಡಿಕೊಂಡ ಮೇಲೆ ಹೊಟ್ಟೆ ಕಿವುಚುತ್ತದೆ, ಏದುಸಿರು ಬರುತ್ತದೆ, ಕಣ್ಣಿಗೆ ಮಂಜು ಕವಿಯುತ್ತದೆ.

ಇದನ್ನು ಪತ್ತೆ ಮಾಡಲು ನಮ್ಮವರಲ್ಲಿ ಒಂದು ಪರೀಕ್ಷೆ ಇದೆ. ಚಮಚದಲ್ಲಿ ಹಾಕಿ ಕಡ್ಡಿ ಗೀರುವುದು: ನೀಲಿಯಾಗಿ ಉರಿದರೆ ಒಳ್ಳೆಯದು. ಎಥನಾಲೂ ನೀಲಿಯಾಗಿಯೇ ಉರಿಯುತ್ತದೆ. ಮೆಥನಾಲೂ ತೆಳ್ಳನೆಯ ನೀಲಿಯಾಗಿಯೇ ಉರಿಯುತ್ತದೆ. ಹಗಲಲ್ಲಾದರೆ ಉರಿಯುವುದು ಕಣ್ಣಿಗೆ ಕಾಣುವುದೇ ಕಷ್ಟ. ಹೀಗಾಗಿ ಈ ಪರೀಕ್ಷೆಯಿಂದ ಖಚಿತವಾಗಿ ತಿಳಿಯುವುದು ಕಡ್ಡಿಪೆಟ್ಟಿಗೆ ಒದ್ದೆಯಾಗಿಲ್ಲ ಎಂಬುದು ಮಾತ್ರ.

ಒಂದು ವಿಷಯವನ್ನು ಬಾಮೈದನಿಗೆ ನಾನು ಹೇಳಬಾರದಿತ್ತು. ಮೆಥನಾಲ್ ವಿಷಕ್ಕೆ ಡಾಕ್ಟರು ಫೋಮೆಪಿಜೋಲ್ ಎಂಬ ಔಷಧ ಕೊಡುತ್ತಾರೆ, ಅದು ಸಿಗದಿದ್ದರೆ ಎಥನಾಲನ್ನೇ ಅಳೆದು ಕೊಡುವುದೂ ಉಂಟು, ಜೊತೆಗೆ ಡಯಾಲಿಸಿಸ್ ಮಾಡುತ್ತಾರೆ. ಈ ವಾಕ್ಯದಲ್ಲಿ ಡಾಕ್ಟರು, ಅಳೆದು, ಡಯಾಲಿಸಿಸ್ ಎಂಬ ಮೂರು ಪದಗಳು ಅವನ ಕಿವಿಗೆ ಬೀಳಲೇ ಇಲ್ಲ. "ಹಂಗಾದ್ರ ಕುಡಿದು ಹೆಚ್ಚೂಕಮ್ಮಿ ಆದ್ರ ಮ್ಯಾಲೆ ಇನ್ನೊಂದು ಕುಡದ್ರ ಸರಿಹೋಗ್ತತಿ ಅನ್ರಿ!" ಎಂದು ಕೈ ಮುಗಿದ. ಅವನು ನನಗೆ ಕೈ ಮುಗಿದದ್ದು ಮದುವೆಯಾದ ಮೇಲೆ ಅದೇ ಮೊದಲು.

ತಪಾಸಣೆಗೆ ನಾನು ಕುರುಗೋಡಿಗೆ ಹೋದದ್ದು ಫೆಬ್ರವರಿಯ ಒಂದು ಭಾನುವಾರ. ಈ ಯೋಜನೆಗೆ ಪೂರ್ವೇತಿಹಾಸವಿದೆ. 2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಮುಚ್ಚಿದಾಗ ಮೊದಲ ಸಲ ಕುಕ್ಕರು ಬಚ್ಚಲಿಗೆ ಇಳಿದಿತ್ತು. ಮೇ 4ಕ್ಕೆ ಅಂಗಡಿ ತೆರೆದವು. ಆ ಒಂದೇ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿ ವ್ಯಾಪಾರವಾಯಿತು. ಅದರಲ್ಲಿ ಬಾಮೈದನ ಕೊಡುಗೆಯೂ ಇದ್ದುದರಿಂದ ಯೋಜನೆ ತಾತ್ಕಾಲಿಕವಾಗಿ ನಿಂತಿತು. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡಾ 20 ಏರಿಸಿದ ಮೇಲೆ ಪುನಃ ಚಾಲನೆ ಸಿಕ್ಕಿತು. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಸರ್ಕಾರದ್ದಾಗಿತ್ತು. ಅದರಲ್ಲಿ ತನ್ನ ಪಾಲು ಎಷ್ಟು ಎಂದು ಬಾಮೈದ ಒಂದು ರಾತ್ರಿ ಕೂತು ಲೆಕ್ಕ ಹಾಕಿದ್ದನಂತೆ. ಬೆಳಿಗ್ಗೆ ಎದ್ದು ಬೆಲ್ಲ ತರಲು ಹೋದ.

ಬಚ್ಚಲಿನಲ್ಲಿ ನಾನು ಕಂಡದ್ದನ್ನು ತಪಾಸಣಾ ವರದಿಯಲ್ಲಿ ಬರೆದಂತೆಯೇ ಇಲ್ಲಿ ಕೊಡುತ್ತೇನೆ. ಕೊಳೆ ಹಾಕಿದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಹಿಂದೆ ಬೇರೆ ಕೆಲಸದಲ್ಲಿತ್ತು. ಏನಿತ್ತು ಎಂದು ಅದರ ಮೇಲಿನ ಚೀಟಿ ಹೇಳುತ್ತಿತ್ತು; ಅರ್ಧ ಹರಿದಿದ್ದರೂ ತಲೆಬುರುಡೆ ಮತ್ತು ಎರಡು ಮೂಳೆ ಸ್ಪಷ್ಟವಾಗಿದ್ದವು. ಆ ಭಾಗವನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದರು. "ಯಾಕೋ?" ಎಂದೆ. "ಹುಡುಗರು ಹೆದರಿಕೊಂತಾರ." ಇದು ನಾನು ಅಲ್ಲಿ ಕಂಡ ಏಕೈಕ ಮುನ್ನೆಚ್ಚರಿಕೆಯಾದ್ದರಿಂದ ಅದಕ್ಕೆ ಪೂರ್ಣ ಅಂಕ ಕೊಟ್ಟೆ.

ಕುಕ್ಕರಿನ ಮುಚ್ಚಳಕ್ಕೆ ಸೇರಿಸಿದ್ದ ಕೊಳವೆ ಮೆಣಸಿನಗಿಡಕ್ಕೆ ಔಷಧಿ ಹೊಡೆಯುವ ಪಂಪಿನದು. ತೊಳೆದಿರಾ ಎಂದು ಕೇಳಿದೆ. ಮೂರು ಸಲ ತೊಳೆದೆವು ಎಂದರು. ಯಾವುದರಲ್ಲಿ? ಡ್ರಮ್ಮಿನ ನೀರಲ್ಲಿ. ಕೊಳವೆಯ ಸಂದಿಗೆ ಚಪಾತಿ ಹಿಟ್ಟು ಮೆತ್ತಿದ್ದರು. ಕುಕ್ಕರಿನ ಪಕ್ಕದ ಸೇಫ್ಟಿ ವಾಲ್ವಿನ ತೂತನ್ನು ಎಂ-ಸೀಲ್ ಹಾಕಿ ಭದ್ರವಾಗಿ ಮುಚ್ಚಿದ್ದರು. ಅದನ್ನು ಯಾಕೆ ಮುಚ್ಚಿದಿರಿ ಎಂದಾಗ ಬಾಮೈದ ನನ್ನ ಅಜ್ಞಾನಕ್ಕೆ ಮರುಗಿದ ಧ್ವನಿಯಲ್ಲಿ, "ಅಲ್ಲಿಂದ ಸೋರ್ತಿತ್ತು ಮಾವಾ. ಸೇಫ್ಟಿ ಇರ್ಲಿ ಅಂತ ಮುಚ್ಚಿದ್ವಿ" ಎಂದ.

ನಾನು ಕೂತು ಒತ್ತಡದ ಸಿದ್ಧಾಂತ ಹೇಳಲು ಶುರು ಮಾಡಿದೆ. ಉದಾಹರಣೆಗೆ ತುಂಗಭದ್ರಾ ಡ್ಯಾಮನ್ನೇ ತೆಗೆದುಕೊಂಡೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಎಪ್ಪತ್ತು ವರ್ಷ ತಡೆದದ್ದು ಒಂದು ರಾತ್ರಿ ಬಿಟ್ಟುಕೊಟ್ಟಿತಲ್ಲ, ಹಾಗೆ ಒತ್ತಡ ಎಂಬುದು ಎಲ್ಲಿ ದಾರಿ ಕೊಡುವುದಿಲ್ಲವೋ ಅಲ್ಲಿ ತಾನೇ ದಾರಿ ಮಾಡಿಕೊಳ್ಳುತ್ತದೆ, ನಾಲ್ಕು ವರ್ಷ ಹಳೆಯ ಈ ರಬ್ಬರು ಗ್ಯಾಸ್ಕೆಟ್ಟು ಯಾವ ಲೆಕ್ಕ, ಎಂದು ಹೇಳುತ್ತಿದ್ದಂತೆ ಕೊಳವೆಯಿಂದ ಬೀಳುತ್ತಿದ್ದ ಹನಿ ನಿಂತಿತು. ಎಲ್ಲರೂ ಕೊಳವೆಯ ಬಾಯಿ ನೋಡಿದರು. ನಾನು ಮಾತ್ರ ಕುಕ್ಕರು ನೋಡಿದೆ. ಬಿಸಿಗೆ ಮೆತ್ತಗಾದ ಕೊಳವೆ ಮಡಿಚಿಕೊಂಡು ಕತ್ತು ಹಿಸುಕಿದ ಹಾಗಾಗಿತ್ತು. ಇಪ್ಪತ್ತೊಂಬತ್ತು ವರ್ಷದ ಅನುಭವದ ಬಲದಿಂದ ನಾನು ಬಾಗಿಲ ಕಡೆ ನಡೆದೆ. ಓಡಿದೆ ಎಂದು ಬಾಮೈದ ಹೇಳುತ್ತಾನೆ. ತಜ್ಞರು ಓಡುವುದಿಲ್ಲ.

ಮುಚ್ಚಳ ತಗಡು ಹರಿದುಕೊಂಡು ಹೋಯಿತು. ದೊಡ್ಡಬಸವೇಶ್ವರ ಗುಡಿಯ ಆ ಹೆಬ್ಬಂಡೆಯಂಥ ಬಸವಣ್ಣ ಒಬ್ಬನನ್ನು ಬಿಟ್ಟು ಊರಲ್ಲಿ ಆ ಸದ್ದಿಗೆ ಬೆಚ್ಚದವರಿಲ್ಲ ಎಂದು ಆಮೇಲೆ ಕೇಳಿದೆ. ಬೆಂಕಿ ಹತ್ತಲಿಲ್ಲ, ಕುದಿಯುವ ಕೊಳೆಯೇ ಒಲೆಯ ಮೇಲೆ ಸುರಿದು ಆರಿಸಿಬಿಟ್ಟಿತ್ತು. ಈ ಆಕಸ್ಮಿಕವನ್ನು "ಸ್ವಯಂಚಾಲಿತ ಅಗ್ನಿಶಾಮಕ ವ್ಯವಸ್ಥೆ" ಎಂದು ವರದಿಯಲ್ಲಿ ನಮೂದಿಸಿದ್ದೇನೆ. ಬಾಮೈದನ ಎಡಗಡೆಯ ಹುಬ್ಬು ಹೋಯಿತು, ಬಲಗಡೆಯದು ಉಳಿಯಿತು. ಮೂರನೇ ಮನೆಯ ಯಜಮಾನರು ತಮ್ಮ ಕಣದ ಮೆಣಸಿನಕಾಯಿ ರಾಶಿಯಲ್ಲಿ ನೆಟ್ಟಿದ್ದ ಮುಚ್ಚಳವನ್ನು ಗೋಣಿಚೀಲದಲ್ಲಿ ಹಿಡಿದು ತಂದು ಕಟ್ಟೆಯ ಮೇಲಿಟ್ಟು, "ಮಜ್ಜಿಗಿ ಆತೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಹೀಗೆ ನನ್ನ ಘ್ರಾಣವಲಯಗಳ ಸಂಶೋಧನೆ ವ್ಯರ್ಥವಾಯಿತು. ವಾಸನೆಯನ್ನು ಬಚ್ಚಿಟ್ಟೆವು. ಸದ್ದನ್ನು ಯೋಚಿಸಿರಲಿಲ್ಲ.

ಆದರೆ ಬೆಂಕಿ, ಸಿಡಿತ, ಅಬಕಾರಿ ಜೀಪು ಇವೆಲ್ಲಕ್ಕಿಂತ ದೊಡ್ಡ ಅಪಾಯವೊಂದನ್ನು ನಾನು ಪಟ್ಟಿಯಲ್ಲಿ ಕೆಳಗೆ ಹಾಕಿದ್ದೆ. ಅದು ಬಾಮೈದನ ಹೆಂಡತಿ. ಅವಳು ಸಂಘದಾಕೆ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರಲ್ಲ, ಸುಮಾರು ಇನ್ನೂರು ಕಿಲೋಮೀಟರ್. ಅದರಲ್ಲಿ ಹೋಗಿ ಬಂದ ಹೆಂಗಸರ ಪರಿಚಯ ಅವಳಿಗಿದೆ. ಇನ್ನೂರು ಕಿಲೋಮೀಟರ್ ನಡೆದವರಿಗೆ ಬಚ್ಚಲು ಎಷ್ಟು ದೂರ? ನೆರೆಯ ಆಂಧ್ರದಲ್ಲಿ 1992ರಲ್ಲಿ ನೆಲ್ಲೂರಿನ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಎದ್ದು, ಮರುವರ್ಷ ಸರ್ಕಾರವೇ ಸಾರಾಯಿ ನಿಲ್ಲಿಸಬೇಕಾಗಿ ಬಂತು. ಇಂಥ ಬಲಕ್ಕೆ ಯಾವ ಸೇಫ್ಟಿ ವಾಲ್ವೂ ತಡೆಯುವುದಿಲ್ಲ ಎಂಬುದು ಎಂಜಿನಿಯರಿಂಗಿನ ಮಾತು. ಅಂದು ಅವಳು ತವರಿನಿಂದ ಬಂದವಳು ಕೂಗಾಡಲಿಲ್ಲ. ಮುಚ್ಚಳ ಎತ್ತಿಕೊಂಡು ತಿರುಗಿಸಿ ನೋಡಿದಳು. ಎಂ-ಸೀಲನ್ನು ಉಗುರಿನಿಂದ ಕೆರೆದು ನೋಡಿದಳು. ಆಮೇಲೆ ಡ್ರಮ್ಮನ್ನು ಗೋಡೆಯ ಕಡೆಯಿಂದ ತಿರುಗಿಸಿ ತಲೆಬುರುಡೆ ಈಚೆ ಬರುವಂತೆ ಇಟ್ಟಳು. ನನ್ನ ಇಡೀ ತಪಾಸಣೆಯಲ್ಲಿ ನಾನು ಮಾಡದೆ ಬಿಟ್ಟದ್ದು ಅದೊಂದೇ ಎಂದು ಆಗ ಹೊಳೆಯಿತು. "ಅಣ್ಣಾರ, ನೀವೂ ಇದ್ರೇನು?" ಎಂದಷ್ಟೇ ಕೇಳಿದಳು. ನಾನು ಸಲಹೆಗಾರನಾಗಿ ಬಂದಿದ್ದೆ ಎಂದೆ.

ಮಾರನೆಯ ದಿನ ಸಂಜೆ ಬಾಮೈದನಿಗೆ ವಾಂತಿ ಶುರುವಾಯಿತು. ಕಣ್ಣು ಮಂಜು ಮಂಜು ಎಂದ. ಸಿಡಿಯುವ ಮೊದಲು ಬಿದ್ದ ಹನಿಗಳನ್ನು ಅವನು ಚೆಲ್ಲಿರಲಿಲ್ಲ, ರುಚಿ ನೋಡಿದ್ದ ಎಂದು ಗೊತ್ತಾದದ್ದು ಆಗ. ಅದರಲ್ಲಿ ಏನಿತ್ತು? ಕೊಳೆಯದೋ, ಡ್ರಮ್ಮಿನದೋ, ಔಷಧಿ ಪಂಪಿನದೋ, ಯಾರಿಗೆ ಗೊತ್ತು. ಹೊಲದ ಔಷಧಿಯ ವಿಷಕ್ಕೆ ಚಿಕಿತ್ಸೆಯೇ ಬೇರೆ, ಮೆಥನಾಲಿಗೆ ಬೇರೆ. ಡಾಕ್ಟರಿಗೆ ಗೊತ್ತಿರಬೇಕಾದದ್ದು ಇಷ್ಟೇ: ಏನು ಕುಡಿದ, ಎಷ್ಟು, ಯಾವಾಗ. ಇಳಿಸುವವರಿಗೆ ನಾನು ಇದುವರೆಗೆ ಕೊಟ್ಟ ಸಲಹೆಗಳಲ್ಲಿ ಯಾವುದನ್ನು ಮರೆತರೂ ನಡೆಯುತ್ತದೆ, ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳು ಎಂದು ಕಾರಿನಲ್ಲಿ ಬಳ್ಳಾರಿಯವರೆಗೂ ಅವನ ಕಿವಿಯಲ್ಲಿ ಊದಿದೆ. ಕಂಪ್ಲಿ ಅಲ್ಲ, ಹೊಸಪೇಟೆ ಅಲ್ಲ, ಬಳ್ಳಾರಿ ದೊಡ್ಡಾಸ್ಪತ್ರೆಗೇ ನಡಿ ಎಂದವಳು ಅವನ ಹೆಂಡತಿ. ಅವನು ಹೂಂ ಎಂದ. ತಲೆ ಆಡಿಸಿದ. ನನ್ನ ಕೈ ಹಿಡಿದು, "ನೀವು ಹೇಳಿದಂಗ ಮಾವಾ" ಎಂದ.

ನಾನು ಗಾಡಿ ನಿಲ್ಲಿಸಿ ಒಳಗೆ ಬರುವಷ್ಟರಲ್ಲಿ ಅವನನ್ನು ಮಲಗಿಸಿ ಸಲೈನ್ ಏರಿಸಿದ್ದರು. ನಾಡಿ ಹಿಡಿದಿದ್ದ ಹುಡುಗಿ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಂಡು ಹೋಗಿದ್ದಳು. ಮಂಚದ ತುದಿಗೆ ಸಿಕ್ಕಿಸಿದ್ದ ಹಾಳೆಯನ್ನು ಕನ್ನಡಕ ಏರಿಸಿಕೊಂಡು ಓದಿದೆ.

ಸೇವಿಸಿದ್ದು: ಮಜ್ಜಿಗೆ.

ಪ್ರಮಾಣ: ಒಂದೂವರೆ ಕ್ವಾಟ್ರು.

ಜೊತೆಗೆ: ಮಿರ್ಚಿ, ನಾಲ್ಕು.